ನೀ ಮುಂದ ನಡಿ

ಶಿವಗಂಗವ್ವ ಚಂದ್ರಕಾಳಿ ಸೀರೆ ಉಟ್ಟು ಪಡಸಾಲೆಗೆ ಬಂದಾಗ ಬಾಳೇಶನಿಗೆ ಮೊದಲು ಅನ್ನಿಸಿದ್ದು, ಇವತ್ತು ತಾನು ಸಿಕ್ಕಿಬೀಳುತ್ತೇನೆ ಎಂದು. ಅಚ್ಚ ಕಪ್ಪು ಒಡಲು. ಕೆಂಪು ದಡಿಯೂ ಬೆಳಕು ಕಡಿಮೆಯಾದಲ್ಲಿ ಕಪ್ಪೇ. ಎರಡನೆಯದಾಗಿ ಅನ್ನಿಸಿದ್ದು ಹೆಂಡತಿ ಚೆನ್ನಾಗಿ ಕಾಣುತ್ತಿದ್ದಾಳೆ ಎಂದು. ಎರಡೂ ಈ ಅನುಕ್ರಮದಲ್ಲಿ ಬಂದದ್ದಕ್ಕೆ ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಹುಕ್ಕೇರಿಯ ಹೈಸ್ಕೂಲಿನ ಹೆಡ್ ಮಾಸ್ತರನಾಗಿ ಅನುಕ್ರಮದ ಮಹತ್ವವನ್ನು ಪ್ರತಿದಿನ ಪ್ರಾರ್ಥನೆಯ ಹೊತ್ತಿಗೆ ಬೋಧಿಸುವ ಮನುಷ್ಯ ಅವನು.

"ಹಳದೀದು ಉಡತೇನಿ ಅಂದಿದ್ದಿ?"

"ವಾರಾ ವಾರಾ ಹಳದೀನ? ನೋಡಿದವರು ಈಕಿಗೆ ಬ್ಯಾರೆ ಸೀರಿ ಇಲ್ಲೇನೋ ಅನ್ನಬೇಕು. ಇದು ನಮ್ಮವ್ವ ಕೊಟ್ಟಿದ್ದು. ಚಂದ ಕಾಣೂದಿಲ್ಲನ್ರಿ?"

ಒಂದು ವರ್ಷದ ಹಿಂದಾಗಿದ್ದರೆ ಈ ಕೊನೆಯ ಪ್ರಶ್ನೆ ಅವಳ ಬಾಯಿಂದ ಬರುತ್ತಿರಲಿಲ್ಲ. ಚಂದ ಕಾಣುವುದು ಕಾಣದಿರುವುದು ಆ ಮನೆಯಲ್ಲಿ ಚರ್ಚೆಯ ವಿಷಯವೇ ಆಗಿರಲಿಲ್ಲ. ಅದನ್ನು ವಿಷಯ ಮಾಡಿದವನು ಅವನೇ. ಬೇಸಿಗೆಯ ಒಂದು ದಿನ ಹೊರಗೆ ಹೊರಟಾಗ, ಆ ಹಳದಿ ಉಡು, ಚಂದ ಕಾಣತೈತಿ, ಎಂದಿದ್ದ. ಅವಳು ಸೆರಗಿನ ತುದಿ ಹಿಡಿದುಕೊಂಡು ಅವನನ್ನು ನೋಡುತ್ತ ನಿಂತುಬಿಟ್ಟಿದ್ದಳು, ಬೇರೆ ಯಾರದೋ ಮನೆಗೆ ಬಂದ ಪಾರ್ಸಲು ತನ್ನ ಕೈಗೆ ಕೊಟ್ಟಂತೆ. ಆಮೇಲೆ ಇನ್ನೆರಡು ಹಳದಿ ಸೀರೆ ಕೊಂಡಳು. ಹಳದಿ ಎಂದರೆ ಅವನಿಗೆ ಏನು ಎಂದು ಹೇಳುವುದು ಹೇಗೆ? ಡಾಂಬರು ರಸ್ತೆಯ ಅಂಚಿಗೆ ರಾತ್ರಿ ಗಾಡಿ ಹೊಡೆಯುವವರಿಗಾಗಿ ಬಣ್ಣ ಬಳಿದಿರುತ್ತಾರಲ್ಲ, ಅದು. ಮುಂದೆ ನಡೆಯುವ ಹೆಂಡತಿ ಹಳದಿಯಾಗಿದ್ದರೆ, ಆ ಹಳದಿ ಎಲ್ಲಿ ಏರುತ್ತದೋ ಅಲ್ಲಿ ಮೆಟ್ಟಿಲು, ಎಲ್ಲಿ ಇಳಿಯುತ್ತದೋ ಅಲ್ಲಿ ಗಟಾರು. ಅಷ್ಟೇ.

ಬೆಳಗಾವಿಯ ಕಣ್ಣಿನ ಡಾಕ್ಟರು ಚಿತ್ರ ಬರೆದು ತೋರಿಸಿದ್ದರು. ಅಂಚಿನಿಂದ ಒಳಕ್ಕೆ ಸವೆಯುತ್ತ ಬರುವ ಕಣ್ಣು. ನಡುವಿನದು ಕಾಣುತ್ತದೆ, ಆಚೀಚಿನದು ಇಲ್ಲ. ಬಿಸಿಲಿನಲ್ಲಿ ಕಾಣುತ್ತದೆ, ನೆರಳಿಗೆ ಬಂದರೆ ಇಲ್ಲ. ಕೊಳವೆಯೊಳಗಿಂದ ನೋಡಿದಂಗ ಆಗತೈತಿ ಅಲ್ಲರಿ, ಎಂದು ಕೇಳಿದ್ದರು. ಅವನು ತಲೆ ಅಲ್ಲಾಡಿಸಿದ್ದ. ಇನ್ನ ಗಾಡಿ ಹೊಡ್ಯಾಕ ಹೋಗಬ್ಯಾಡ್ರಿ, ಮತ್ತ ಮನ್ಯಾಗ ಹೇಳ್ರಿ, ಎಂದಿದ್ದರು. ಎರಡು ಸಲಹೆಗಳಲ್ಲಿ ಒಂದನ್ನು ಅವನು ತಕ್ಷಣ ಪಾಲಿಸಿದ. ಮೋಟರ್ ಸೈಕಲ್ ಮಾರಿ, ವಯಸ್ಸಾತು, ಕಾಲಿಗೆ ಕೆಲಸ ಬೇಕು ಎಂದ. ಅದೇ ವಾರ ಹುಕ್ಕೇರಿಯ ಬಸ್ ಸ್ಟ್ಯಾಂಡಿನಲ್ಲಿ, ಸಂತೆಯ ದಿನ, ಬಿಸಿಲಿನಿಂದ ಚಪ್ಪರದ ಕೆಳಗೆ ಬಂದವನಿಗೆ ಲೋಕವೆಲ್ಲ ಒಮ್ಮೆಲೆ ಮುಚ್ಚಿಕೊಂಡಾಗ, ಬಾಳೇಶ ಮದುವೆಯಾದಂದಿನಿಂದ ಆಡದ ಮಾತೊಂದನ್ನು ಆಡಿದ. "ನೀ ಮುಂದ ನಡಿ."

"ಆಂ?"

"ಮುಂದ ನಡಿ ಅಂದೆ."

ಅವಳು ನಡೆದಳು. ಹತ್ತು ಹೆಜ್ಜೆಗೊಮ್ಮೆ ತಿರುಗಿ ನೋಡುತ್ತ, ಇದೇನೋ ಸಿಟ್ಟಿನ ಹೊಸ ಬಗೆಯಿರಬೇಕು ಎಂಬಂತೆ ನಡೆದಳು. ಆ ಸೀಮೆಯಲ್ಲಿ ಗಂಡ ಮುಂದೆ, ಹೆಂಡತಿ ಹಿಂದೆ. ಅದನ್ನು ಯಾರೂ ಹೇಳಿಕೊಡುವುದಿಲ್ಲ, ಯಾರೂ ಕೇಳುವುದೂ ಇಲ್ಲ. ಬಾಳೇಶ ಅದನ್ನು ಉಳಿದವರಿಗಿಂತ ತುಸು ಜೋರಾಗಿಯೇ ನಡೆಸಿಕೊಂಡು ಬಂದವನು. ಅವನ ಹೆಜ್ಜೆ ದೊಡ್ಡದು. ಹಿಂದೆ, ಕೈಯಲ್ಲಿ ಚೀಲ, ಕಂಕುಳಲ್ಲಿ ಮಗಳು ಭಾಗ್ಯಾ, ಕಾಲಲ್ಲಿ ಹರಿದ ಚಪ್ಪಲಿ ಇದ್ದವಳು ಓಡಿ ಓಡಿ ಬರುತ್ತಿದ್ದಳು ಎಂಬುದು ಅವನಿಗೆ ಗೊತ್ತಿತ್ತು, ಮಳೆಗಾಲದಲ್ಲಿ ಮಳೆ ಬರುತ್ತದೆ ಎಂದು ಗೊತ್ತಿರುವ ಹಾಗೆ. ಗೋಕಾಕದಲ್ಲಿ ಒಮ್ಮೆ ಬಸ್ಸು ಹತ್ತಿ ಕೂತು, ಎರಡು ಟಿಕೀಟು ತೆಗೆದುಕೊಂಡು, ಕಂಡಕ್ಟರ್ "ಇನ್ನೊಬ್ಬರು ಎಲ್ಲಿ ಅದಾರ್ರಿ?" ಎಂದಾಗಲೇ ಅವನು ಹಿಂದಕ್ಕೆ ತಿರುಗಿ ನೋಡಿದ್ದು. ಬಸ್ಸು ಆಗಲೇ ಊರು ದಾಟಿತ್ತು. ಇಡೀ ಬಸ್ಸು ನಕ್ಕಿತು. ಅವನು ಸಿಟ್ಟಾದದ್ದು ನಕ್ಕವರ ಮೇಲಲ್ಲ, ಅವಳ ಮೇಲೆ. ಸಂಜೆ ಮನೆಗೆ ಬಂದವಳು ಅಕ್ಕಿ ಆರಿಸುತ್ತ ಕೂತಳು. ಈಗ ಅಂಥವಳ ಬೆನ್ನು ಅವನ ಕೈಕೋಲು.

ಹೊರಗೆ ಕಾರಿನ ಹಾರ್ನು ಕೂಗಿತು. ವೀರಪ್ಪ ಬಂದ. ನೀರಾವರಿ ಇಲಾಖೆಯಿಂದ ನಿವೃತ್ತನಾಗಿ, ಹೆಂಡತಿ ರಾಯವ್ವನಿಗೆ ಶುಗರ್ ಎಂದು ಗೊತ್ತಾದ ಮೇಲೆ ಈ ರವಿವಾರದ ತಿರುಗಾಟ ಹುಟ್ಟುಹಾಕಿದವನು ಅವನೇ. ಹಿಡಕಲ್ ಆಣೆಕಟ್ಟಿನ ಹಿನ್ನೀರಿನ ದಂಡೆ ಹಿಡಿದು ಒಂದಿಷ್ಟು, ಆಮೇಲೆ ಕೆಳಗಿಳಿದು ಹೊಳೆಯ ಬಾಜೂಕಿನ ಗಿಡಗಳ ನೆರಳಲ್ಲಿ ಒಂದಿಷ್ಟು. ದೊಡ್ಡ ಏರಿಲ್ಲ, ಕಡಿದಾದ ಇಳಿವಿಲ್ಲ, ಕೂಸಿನ ಹೆಜ್ಜೆಗೂ ಆಗುವ ಹಾದಿ ಎಂದು ಅದಕ್ಕೆ 'ಆರಾಮ ನಡಿಗಿ' ಎಂದು ಹೆಸರಿಟ್ಟಿದ್ದ. ಆ ಹೆಸರು ಕೇಳಿದರೆ ಬಾಳೇಶ ಕತ್ತಲಾಗಲು ಎಷ್ಟು ಹೊತ್ತಿದೆ ಎಂದು ಲೆಕ್ಕ ಹಾಕುತ್ತಿದ್ದ. ಬರುವುದಿಲ್ಲ ಎನ್ನುವಂತಿರಲಿಲ್ಲ, ರವಿವಾರ ಬಂತೆಂದರೆ ಶಿವಗಂಗವ್ವ ಮುಂಜಾನೆಯಿಂದಲೇ ಗುನುಗುತ್ತಿದ್ದಳು.

"ಓಹೋ ವೈನಿ, ಇವತ್ತ ಚಂದ್ರಕಾಳಿ! ಸರ, ಹುಷಾರ. ಕತ್ತಲ್ಯಾಗ ಹುಡಕಾಕ ಆಗೂದಿಲ್ಲ ಮತ್ತ," ಎಂದ ವೀರಪ್ಪ. ಏನೂ ಗೊತ್ತಿಲ್ಲದೆ ಎಲ್ಲವನ್ನೂ ಹೇಳಿಬಿಡುವ ವಿಚಿತ್ರ ಶಕ್ತಿ ಆ ಮನುಷ್ಯನಿಗಿತ್ತು. ಬಾಳೇಶ ನಕ್ಕ. ನಗು ಎಷ್ಟು ಹೊತ್ತು ಇರಬೇಕೋ ಅದಕ್ಕಿಂತ ತುಸು ಹೆಚ್ಚೇ ಇತ್ತು.

ಹಿನ್ನೀರಿನ ದಂಡೆಯಲ್ಲಿ ಬಿಸಿಲು ಧಾರಾಳವಾಗಿತ್ತು. ಅಲ್ಲಿ ಭಯವಿಲ್ಲ. ನೀರು ಈ ವರ್ಷ ಕಂಠಮಟ್ಟ ತುಂಬಿ, ಸಣ್ಣ ಸಣ್ಣ ಅಲೆ ಕೆಮ್ಮಣ್ಣಿನ ಅಂಚಿಗೆ ಬಡಿದು ಸಮುದ್ರದ ಅಣಕು ಮಾಡುತ್ತಿತ್ತು. ಆಚೆ ದಡ ಕಾಣುತ್ತಿರಲಿಲ್ಲ, ಉಳಿದವರಿಗೆ ಕಾಣುತ್ತಿತ್ತೇನೋ. ಶಿವಗಂಗವ್ವ ಮುಂದೆ, ಅವನು ನಾಲ್ಕು ಹೆಜ್ಜೆ ಹಿಂದೆ. ಕೊಳವೆಯ ನಟ್ಟನಡುವೆ ಅವಳ ಕಪ್ಪು ಬೆನ್ನು, ಸುತ್ತ ಬೆಳ್ಳನೆಯ ಉರಿಬೆಳಕು. ಹೀಗಿದ್ದರೆ ಕಪ್ಪೇ ಒಳ್ಳೆಯದು ಎನ್ನಿಸಿ ಅವನಿಗೆ ಒಂದು ಗಳಿಗೆ ಸಮಾಧಾನವಾಯಿತು. ಅವಳ ನಡಿಗೆ ಬದಲಾಗಿತ್ತು. ಮೊದಲು ಮೈ ಮುಂದಕ್ಕೆ ಬಾಗಿಸಿ, ಯಾವಾಗಲೂ ಏನನ್ನೋ ಹಿಡಿಯಲು ಹೋಗುವವಳಂತೆ ನಡೆಯುತ್ತಿದ್ದಳು. ಈಗ ನೆಟ್ಟಗೆ, ಕೈ ಬೀಸಿ, ಬೇಕಾದಲ್ಲಿ ನಿಂತು, ಬೇಕಾದ ಗಿಡ ಮುಟ್ಟಿ ನಡೆಯುತ್ತಿದ್ದಳು. ಅದನ್ನು ಗಮನಿಸಿದಷ್ಟೂ ಅವನಿಗೆ ಕಳ್ಳತನ ಮಾಡಿದ ಹಾಗಾಗುತ್ತಿತ್ತು.

"ನೋಡಲೇ ರಾಯವ್ವ, ಕಲಿ," ವೀರಪ್ಪ ಕೂಗಿದ. "ಸರ ಅಂದ್ರ ಬಸವಣ್ಣನ ಖರೇ ಶಿಷ್ಯ. ಹೆಂಡ್ತಿನ್ನ ಮುಂದ ಬಿಟ್ಟ ನಡ್ಯಾಕತ್ತಾರ. ಹಿಂಗ ಹೋದ್ರ ಬರೂ ರವಿವಾರ ಕೈಚೀಲಾನೂ ಅವರ ಹಿಡೀತಾರ."

"ನೀವೂ ಹಿಡೀರಿ, ಯಾರ ಬ್ಯಾಡ ಅಂದಾರ?" ಎಂದಳು ರಾಯವ್ವ. "ಸರ ಕಡೆ ನಾಕು ದಿನಾ ಸಾಲಿ ಕಲತ ಬರ್ರಿ. ನಿಮಗ ಹಾಜರಿ ಹಾಕಾಕರ ಬರತೈತಿ."

"ನನಗ ಹೆಂಡ್ತಿ ಅಂಜಿಕಿ ಇಲ್ಲಬೇ."

"ಹೌದ್ಹೌದು, ಮುಂಜಾನೆ ಚಾಕ್ಕ ಸಕ್ಕರಿ ಹಾಕ್ಕೊಳ್ಳಾಗ ಗೋಡಿಗೆ ಮುಖಾ ಮಾಡಿ ನಿಂತಿದ್ದು ಯಾರು?"

ಶಿವಗಂಗವ್ವ ನಕ್ಕ ಸದ್ದು. ಅವಳಿಗೆ ಈ ಗೇಲಿ ಬೇಕಿತ್ತು. ಗಂಡ ಬದಲಾಗಿದ್ದಾನೆ ಎಂಬುದಕ್ಕೆ ಅದು ಅವಳ ಪಾಲಿಗೆ ಸಾಕ್ಷಿ. ವೀರಪ್ಪ ಕೈ ಚಾಚಿ ನೀರಿನ ಕಡೆ ತೋರಿಸಿದ. "ಸರ, ಅಗಾ ನೋಡ್ರಿ, ವಿಠ್ಠಲನ ಗುಡಿ ಶಿಖರ. ಕಾಣತೈತಿಲ್ಲ?" ನೀರಿಳಿದಾಗ ಆ ಮುಳುಗಿದ ಗುಡಿ ಮೇಲೆ ಬರುವುದು ಬಾಳೇಶನಿಗೆ ಗೊತ್ತು, ಈಗ ನೀರು ತುಂಬಿದೆ ಎಂಬುದು ಗಾಬರಿಯಲ್ಲಿ ಹೊಳೆಯಲಿಲ್ಲ. ಕೈ ಎತ್ತ ತೋರಿಸುತ್ತಿದೆ ಎಂಬುದೇ ಕೊಳವೆಯೊಳಕ್ಕೆ ಬರಲಿಲ್ಲ. ಹುಡುಕುತ್ತ ಕೂತರೆ ತಲೆ ಅತ್ತಿತ್ತ ಆಡುತ್ತದೆ, ಆಡಿದರೆ ಜನ ಕೇಳುತ್ತಾರೆ. "ಹೌದ್ರಿ," ಎಂದ, "ಎಷ್ಟ ಚಂದ ಕಾಣತೈತಿ."

"ಎಲ್ಲೀ ಶಿಖರ್ರಿ?" ರಾಯವ್ವ ಹೇಳಿದಳು. "ನೀರ ತುಂಬಿ ನಿಂತೈತಿ. ಇವರಿಗೊಂದು ಮಂದೀನ ಕಾಡೂ ಚಟಾ."

ವೀರಪ್ಪ ಹೊಟ್ಟೆ ಹಿಡಿದು ನಕ್ಕ. ಬಾಳೇಶನ ಕಿವಿ ಬಿಸಿಯಾದವು. ಇನ್ಸ್‌ಪೆಕ್ಟರ್ ಬಂದ ದಿನ ನಕಾಶೆಯಲ್ಲಿ ಕೃಷ್ಣೆಯ ಬದಲು ಭೀಮೆಯನ್ನು ತೋರಿಸಿ ಒಂಬತ್ತನೆಯ ಇಯತ್ತೆಯ ಎದುರು ನಿಂತಿದ್ದಾಗ ಆಗಿದ್ದವಲ್ಲ, ಹಾಗೆ. ಆದರೆ ಶಿವಗಂಗವ್ವ ತಿರುಗಿ ನಿಂತು, "ಅವರೂ ನಿಮ್ಮನ್ನ ಕಾಡ್ಯಾರ ತಗೋರಿ ಅಣ್ಣಾರ. ನೀವು ಗುಡಿ ಇಲ್ಲದ ತೋರಿಸಿದ್ರಿ, ಅವರು ಇಲ್ಲದ ಗುಡಿ ನೋಡಿದ್ರು," ಎಂದಳು. ಮತ್ತೆ ನಗು. ಈ ಸಲ ವೀರಪ್ಪನ ಖರ್ಚಿನಲ್ಲಿ. ಗಂಡ ತಮಾಷೆಗಾರನೂ ಆಗಿದ್ದಾನೆ ಎಂಬ ಹೊಸ ಶೋಧದಿಂದ ಅವಳ ಮುಖ ಬೆಳಗಿದ್ದು ಅವನಿಗೆ ಸ್ಪಷ್ಟವಾಗಿ ಕಂಡಿತು. ನಡುವಿನದು ಇನ್ನೂ ಕಾಣುತ್ತಿತ್ತಲ್ಲ.

ಹೇಳಬೇಕೆಂದು ಒಮ್ಮೆ ನಿಶ್ಚಯಿಸಿದ್ದ. ಶ್ರಾವಣದಲ್ಲಿ. ಅಡುಗೆಮನೆಯ ಬಾಗಿಲವರೆಗೂ ಹೋಗಿದ್ದ. ಒಳಗೆ ಅವಳು ಮೂಡಲಗಿಯಲ್ಲಿರುವ ಅಕ್ಕ ಬಾಳವ್ವನ ಜೊತೆ ಫೋನಿನಲ್ಲಿದ್ದಳು. "ಇಲ್ಲಬೇ ಅಕ್ಕಾ, ಖರೇನ ಹೇಳಾಕತ್ತೇನಿ. ಪ್ಯಾಟ್ಯಾಗ, ಎಲ್ಲಾರ ಎದುರಿಗೆ. ನೀ ಮುಂದ ನಡಿ ಅಂತಾರ. ನಾ ನಿಂತ್ರ ನಿಲ್ಲತಾರ. ನಾ ಹೊಂಟ್ರ ಹೊಂಡತಾರ. ನೀ ನಗತಿ, ನನಗ ನೋಡು, ಈಗ ಮದಿವಿ ಆದಂಗ ಆಗೇತಿ." ಆಚೆಯಿಂದ ಬಾಳವ್ವ ಏನು ಹೇಳಿದಳೋ, ಇವಳು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಬಾಳೇಶ ಬಂದ ಹಾದಿಯಲ್ಲೇ, ಗೋಡೆ ಮುಟ್ಟಿಕೊಂಡು, ಹಿಂದಕ್ಕೆ ಹೋದ. ಕಣ್ಣು ಹೋಗುತ್ತಿದೆ ಎಂದು ಹೇಳಬಹುದಿತ್ತು. ಅದು ರೋಗ, ಅದಕ್ಕೆ ಅವಳು ಅತ್ತು, ಹರಕೆ ಹೊತ್ತು, ಕೈ ಹಿಡಿದು ನಡೆಸುತ್ತಿದ್ದಳು. ಆದರೆ ಅದನ್ನು ಹೇಳಿದ ಗಳಿಗೆಯಲ್ಲೇ ಇನ್ನೊಂದನ್ನೂ ಹೇಳಿದ ಹಾಗಾಗುತ್ತಿತ್ತು: ನಿನ್ನ ಎರಡನೆಯ ಮದುವೆ ನಡೆದೇ ಇಲ್ಲ.

ದಂಡೆಯ ಕೊನೆಗೆ, ಮಂಡಕ್ಕಿ ಕಲಸಿ ಕೊಡುವ ಚುನಮರಿ ಗಾಡಿಯ ಎದುರು ವೀರಪ್ಪ ವಿನಾಕಾರಣ ಹೊತ್ತು ಕಳೆದ. ಉಳ್ಳಾಗಡ್ಡಿ ಸಣ್ಣಗೆ ಹೆಚ್ಚಲಿಲ್ಲ ಎಂದು ಗಾಡಿಯವನ ಜೊತೆ ಜಗಳಾಡಿದ, ಆಮೇಲೆ ಅವನ ಊರು ಕೇಳಿದ, ಆಮೇಲೆ ಆ ಊರಿನಲ್ಲಿ ತನಗೆ ಗೊತ್ತಿದ್ದವರೆಲ್ಲ ಬದುಕಿದ್ದಾರೋ ಎಂದು ವಿಚಾರಿಸಿದ. ಬಾಳೇಶ ಬಿಸಿಲನ್ನೇ ಕಾಯುತ್ತಿದ್ದ. ಅದು ನೀರಿನ ಮೇಲೆ ಹಳದಿಗೆ ತಿರುಗಿತು, ಆಮೇಲೆ ತಾಮ್ರಕ್ಕೆ. "ಹೊತ್ತಾತು, ಕೆಳಗ ಇವತ್ತ ಬಿಟ್ಟ ಬಿಡೂಣು," ಎಂದ, ದನಿಯಲ್ಲಿ ಆದಷ್ಟು ಉದಾಸೀನ ತುಂಬಿ.

"ಅಯ್ಯ, ಹೊಳಿದಂಡೀನ ಚಂದ ಇರತೈತಿ ನೋಡ್ರಿ ಈಗ," ಶಿವಗಂಗವ್ವ ಹೇಳಿದಳು. "ಹಕ್ಕಿ ಗೂಡಿಗೆ ಬರೂ ಹೊತ್ತು. ಹೋಗೂಣು ಬರ್ರಿ." ಇಷ್ಟು ವರ್ಷದಲ್ಲಿ ಅವಳು ಅವನ ಮಾತನ್ನು ಮೀರಿದ್ದು ಇದು ಮೊದಲ ಸಲವೇನೋ. ಮೀರಿ, ಅವನ ಒಪ್ಪಿಗೆಗೂ ಕಾಯದೆ, ಮುಂದೆ ನಡೆದುಬಿಟ್ಟಳು. ಮುಂದೆ ನಡೆಯಲು ಕಲಿಸಿದವನು ಅವಳನ್ನು ಹಿಂದಕ್ಕೆ ಏನೆಂದು ಕರೆಯಬೇಕು?

ಇಳಿಜಾರು ಮುಗಿದು ಗಿಡಗಳ ಸಾಲು ಶುರುವಾದಲ್ಲಿ ಬೆಳಕು ಕತ್ತರಿಸಿದ ಹಾಗೆ ನಿಂತಿತು. ಹೊಳೆಮತ್ತಿ, ಹುಣಸೆ, ಜಾಲಿ. ಹೆಸರುಗಳು ಗೊತ್ತಿದ್ದವು, ಗಿಡಗಳು ಕಾಣಲಿಲ್ಲ. ಉಳಿದವರಿಗೆ ಇದು ತಂಪು ನೆರಳು, ಎಲೆಗಳ ನಡುವೆ ಚಿನ್ನದ ಚುಕ್ಕೆ. ಅವನಿಗೆ ಕಂಬಳಿ ಹೊದಿಸಿದ ಹಾಗೆ. ವೀರಪ್ಪ ರಾಯವ್ವ ಮಾತಾಡುತ್ತ ಆಗಲೇ ಮುಂದೆ ಹೊಳೆಯ ಕಡೆ ಹೋಗಿದ್ದರು. ಸಕ್ಕರೆಯ ಜಗಳ ಇನ್ನೂ ಕೇಳಿಸುತ್ತಿತ್ತು. ಬಾಳೇಶ ಕಣ್ಣಿನ ಆಸೆ ಬಿಟ್ಟು ಕಿವಿಯನ್ನೇ ನಂಬಿದ. ಶಿವಗಂಗವ್ವನ ಗಾಜಿನ ಬಳೆಗಳು ಮುಂದೆ ಗಲ್ ಗಲ್ ಎನ್ನುತ್ತಿದ್ದವು. ಅದೇ ದಾರಿ. ಬಳೆ, ಒಣ ಎಲೆ, ಬಳೆ. ಕಾಲನ್ನು ನೆಲಕ್ಕೆ ಸವರಿದಂತೆ ಇಟ್ಟು, ಬೇರು ಸಿಕ್ಕರೆ ಬೇರನ್ನೇ ನೋಡಲು ನಿಂತವನಂತೆ ನಿಂತು, ಅವನು ಹೋದ. ಕೈ ಚಾಚಬಾರದು. ಕೈ ಚಾಚಿದವನು ಕುರುಡ. ಕೈಯನ್ನು ಹಿಂದಕ್ಕೆ ಕಟ್ಟಿಕೊಂಡವನು ಹೆಡ್ ಮಾಸ್ತರ. ಅವನು ಕೈ ಹಿಂದಕ್ಕೆ ಕಟ್ಟಿಕೊಂಡಿದ್ದ.

ಬಳೆ ನಿಂತವು.

ಅವನೂ ನಿಂತ. ಒಣ ಎಲೆಯ ಸದ್ದೂ ಇಲ್ಲ. ಹೊಳೆಯ ನೀರು ಎಲ್ಲಿಂದಲೋ, ಎಡಗಡೆಯಿಂದಲೋ ಎದುರಿನಿಂದಲೋ, ಒಂದೇ ಸಮ ಉಸುರುತ್ತಿತ್ತು. ಗಿಳಿಗಳು ಮೇಲೆ ಕಿರುಚಿ ಸುಮ್ಮನಾದವು. "ಏ," ಎಂದ ಮೆಲ್ಲಗೆ. ಮನೆಯಲ್ಲಿ ಅವಳ ಹೆಸರು ಅದೇ ಆಗಿತ್ತು. "ಏ, ಕೇಳಿಲ್ಲಿ." ಅವಳು ದಂಡೆಯಿಂದ ಜಾರಿರಬಹುದೇ ಎಂಬ ಯೋಚನೆ ಬಂತು, ಬಂದದ್ದು ಎರಡನೆಯದಾಗಿ. ಮೊದಲು ಬಂದದ್ದು, ನಾನೀಗ ಹೊರಗೆ ಹೋಗುವುದು ಹೇಗೆ. ಈ ಅನುಕ್ರಮ ಮತ್ತೆ. ಆಮೇಲೆ ಅವನು ಮದುವೆಯಲ್ಲಿ ಒಗಟು ಕಟ್ಟಿ ಹೆಂಡತಿಯ ಹೆಸರು ಹೇಳು ಎಂಬ ಹೆಂಗಸರ ಒತ್ತಾಯಕ್ಕೆ ಒಮ್ಮೆ ಹೇಳಿದ್ದನ್ನು ಬಿಟ್ಟರೆ ಬಾಯಿಂದ ಆಡದ ಹೆಸರನ್ನು ಆಡಿದ. "ಗಂಗಾ." ತೀರ ಸಣ್ಣ ದನಿ. "ಗಂಗಾ!" ಈ ಸಲ ದನಿ ಬಿರಿಯಿತು.

ಎದುರಿನ ಕತ್ತಲೆಯನ್ನು ಅವನು ದಿಟ್ಟಿಸಿದ. ದಿಟ್ಟಿಸಿದರೆ ಕಾಣುತ್ತದೆ ಎಂಬ ಹಳೆಯ ನಂಬಿಕೆಯಿಂದ. ಗಿಡದ ಬೊಡ್ಡೆಯೋ, ಬೊಡ್ಡೆಯ ನಡುವಿನ ಖಾಲಿಯೋ, ಎಲ್ಲ ಒಂದೇ ಕಪ್ಪು.

"ಇಲ್ಲೇ ಅದೇನಲ್ಲರಿ," ಎಂದಿತು ಅವಳ ದನಿ. ಕೈಗೆಟುಕುವಷ್ಟು ಹತ್ತಿರದಿಂದ.

ದನಿಯ ತಳದಲ್ಲಿ ನಗು ಇತ್ತು, ಆದರೆ ಅದು ಆಗಲೇ ಆರುತ್ತಿತ್ತು. ಬಾಳೇಶನಿಗೆ ಎಲ್ಲ ತಿಳಿಯಿತು. ಅವಳು ಬಳೆಗಳನ್ನು ಮೊಣಕೈಯವರೆಗೆ ಏರಿಸಿ ಸದ್ದಡಗಿಸಿ, ಅವನ ಎದುರೇ ನಿಂತಿದ್ದಳು. ಅಡಗಿಯೂ ಇರಲಿಲ್ಲ. ಬರುವವನ ಎದೆಗೆ ಎದೆ ತಾಗಬೇಕು, ಬೆಚ್ಚಿಬೀಳಬೇಕು ಎಂಬ ಆಟ. ಇಷ್ಟು ವರ್ಷದ ಸಂಸಾರದಲ್ಲಿ ಅವಳು ಅವನ ಜೊತೆ ಆಡಿದ ಮೊದಲ ಆಟ. ಅವನು ಬಂದು, ನಿಂತು, ಅವಳ ಮುಖವನ್ನೇ ನೋಡುತ್ತ, ಅವಳ ಹೆಸರು ಹಿಡಿದು ಕೂಗಿದ್ದ.

ಎಲೆ ಸರಿದ ಸದ್ದು. ಅವಳು ಒಂದು ಬದಿಗೆ ಸರಿದಿರಬೇಕು. ಅವನಿಗೆ ಯಾವ ಬದಿ ಎಂದು ಗೊತ್ತಾಗುವಷ್ಟರಲ್ಲಿ ತಡವಾಗಿತ್ತು. ಮೊದಲು ನೋಡುತ್ತಿದ್ದಲ್ಲೇ ನೋಡುತ್ತಿದ್ದ. ಮುಖದ ಎದುರು ಗಾಳಿ ಆಡಿತು, ಒಮ್ಮೆ, ಇನ್ನೊಮ್ಮೆ. ಅವಳ ಕೈ. ರೆಪ್ಪೆ ಬಡಿಯಬೇಕಿತ್ತು ಎಂದು ಆಮೇಲೆ ಹೊಳೆಯಿತು.

"ಯಾವಾಗಿಂದ?"

"ಬ್ಯಾಸಗಿಗಿಂತ ಮೊದಲ."

ಅವಳು ಲೆಕ್ಕ ಹಾಕುತ್ತಿದ್ದಳು. ಅವನಿಗೆ ಅದು ಕೇಳಿಸಿತು, ಹುಕ್ಕೇರಿಯ ಬಸ್ ಸ್ಟ್ಯಾಂಡು, ಹಳದಿ ಸೀರೆ, ಒಂದೊಂದಾಗಿ ಅವಳೊಳಗೆ ಮಗುಚಿ ಬೀಳುವುದು. "ನನ್ನ ಮುಂದ ಬಿಟ್ಟಿದ್ದು," ಎಂದಳು, ನಿಂತಳು. ಇಲ್ಲ ಎನ್ನಬಹುದಿತ್ತು. ಇಲ್ಲ, ಅದು ಬೇರೆ ಇದು ಬೇರೆ ಎನ್ನಬಹುದಿತ್ತು, ಅವಳು ನಂಬುತ್ತಿದ್ದಳೋ ಏನೋ. "ಹೂಂ," ಎಂದ. ಅದೊಂದೇ ಪ್ರಾಮಾಣಿಕ ಶಬ್ದ. ಅದನ್ನೂ ಬಾಯಿ ತೆರೆಯದೆ ಆಡಿದ.

"ಸರಾ! ವೈನೀ! ಜೋಡಿ ಎಲ್ಲಿ ಕಳಕೊಂಡ್ರಿ?" ವೀರಪ್ಪನ ಕೂಗು ಹೊಳೆಯ ಕಡೆಯಿಂದ ಬಂತು. "ಬರಬೇಕಂತೀರೇನು ಹುಡಕಾಕ?"

ಶಿವಗಂಗವ್ವ ಗಂಟಲು ಸರಿಮಾಡಿಕೊಂಡಳು. "ಬಂದ್ವಿ ಅಣ್ಣಾರ," ಎಂದು ಕೂಗಿದಳು, ಯಾವ ನಡುಕವೂ ಇಲ್ಲದ ಮನೆಯೊಡತಿಯ ದನಿಯಲ್ಲಿ. "ಇವರು ಹಕ್ಕಿ ನೋಡಾಕತ್ತಾರ." ಆಮೇಲೆ ಏರಿಸಿದ್ದ ಬಳೆಗಳನ್ನು ಒಂದೊಂದಾಗಿ ಇಳಿಸಿಕೊಂಡಳು. ಅವನು ಅವಳ ಕೈಗಾಗಿ ತನ್ನ ಕೈಯನ್ನು ತುಸು ಮುಂದೆ ಮಾಡಿದ. ಆ ಕೈ ಗಾಳಿಯಲ್ಲಿ ಎಷ್ಟು ಹೊತ್ತು ಇತ್ತೋ, ಅಷ್ಟು ಹೊತ್ತು ಅವಳು ಅದನ್ನು ನೋಡಿರಬೇಕು.

"ನೀವ ಮುಂದ ನಡೀರಿ," ಎಂದಳು.

"ಗಂಗಾ, ನನಗ ಏನೂ..."

"ನಡೀರಿ. ನಾ ಹಿಂದ ಬರತೇನಿ. ಹಿಂದ ಬರೂದು ನನಗ ರೂಢಿ ಐತಿ."

ಅವನು ನಡೆದ. "ಬೇರು," ಎಂದಳು ಹಿಂದಿನಿಂದ. ಅವನು ದಾಟಿದ. "ಎಡಕ್ಕ." ಹೋದ. "ಟೊಂಗಿ, ತಲಿ ಬಗ್ಗಸ್ರಿ." ಬಗ್ಗಿಸಿದ. ಎದುರಿನಿಂದ ವೀರಪ್ಪ, "ಅರೆರೆ, ಸರ ಮುಂದ! ವೈನಿ, ರಾಜ್ಯಾ ಹೋತಲ್ಲರಿ!" ಎಂದು ಚಪ್ಪಾಳೆ ತಟ್ಟಿದ. ಹೊಳೆ ಈಗ ಕಾಲ ಬುಡದಲ್ಲೇ ಇದ್ದಂತೆ ಸದ್ದು ಮಾಡುತ್ತಿತ್ತು. ತಂಪು ಪಾದಕ್ಕೆ ತಾಗಿತು. ಹಿಂದೆ ಬಳೆಯ ಸದ್ದಿತ್ತು, ಅವಳು ಬರುತ್ತಿದ್ದಳು, ನಾಲ್ಕೇ ಹೆಜ್ಜೆ ದೂರ. ಒಂದು ಗಳಿಗೆ ಅವಳು ಏನೂ ಹೇಳಲಿಲ್ಲ. ಇನ್ನೊಂದು ಗಳಿಗೆಯೂ. ಅವನು ನಿಂತ. ಕೇಳಬೇಕೆನ್ನಿಸಿತು, ಆದರೆ ವೀರಪ್ಪ ನೋಡುತ್ತಿದ್ದ. ಕೈ ಚಾಚಬೇಕೆನ್ನಿಸಿತು, ಅವು ಬೆನ್ನ ಹಿಂದೆ ಒಂದನ್ನೊಂದು ಹಿಡಿದುಕೊಂಡಿದ್ದವು.

"ಯಾಕ ನಿಂತ್ರಿ?" ಎಂದಳು ಶಿವಗಂಗವ್ವ. ಆ ದನಿಯಲ್ಲಿ ಸಿಟ್ಟು ಹುಡುಕಿದ, ಕರುಣೆ ಹುಡುಕಿದ. ಯಾವುದೂ ಕೈಗೆ ಸಿಗಲಿಲ್ಲ. "ನಡೀರಿ."

ಅವನು ಕಾಲೆತ್ತಿದ. ಎತ್ತಿದ ಕಾಲನ್ನು ಎಲ್ಲಿ ಇಡಬೇಕೆಂದು ಅವಳು ಇನ್ನೂ ಹೇಳಿರಲಿಲ್ಲ.